ಬಿಸಿ ಕಾರ್ಬುರೇಟರ್

“ಮೂರು ವರ್ಷದಿಂದ ನಾನು ಒಂದು ಗುಜರಿ ಅಂಗಡಿ ಬಿಡದೆ ಹುಡುಕಿದೀನಿ. ನಿನಗೆ ಒಂದೇ ದಿನಕ್ಕೆ ಹೇಗೆ ಸಿಕ್ತೋ?” ಎಂದು ನನ್ನ ಷಡ್ಡಕನ ಮೇಲೆ ರೇಗಿದೆ.

“ಮೊದಲು ಕಾರಿಗೆ ಕೂರ್ಸಣ್ಣ, ಆಮೇಲೆ ನಿಧಾನವಾಗಿ ಹೊಟ್ಟೆ ಉರ್ಕೊಳ್ಳುವಂತೆ,” ಎಂದು ನಕ್ಕ.

ನನ್ನ ಶೆಡ್ಡಿನ ಹಳೇ ಅಮೆರಿಕನ್ ಕಾರಿಗೆ ಬೇಕಿದ್ದ ಕಾರ್ಬುರೇಟರ್ ಅದು. ಮುಟ್ಟಿದರೆ ಕೈ ಚುರ್ರೆಂದಿತು. ಈಗಷ್ಟೇ ಓಡಿ ಬಂದ ಎಂಜಿನ್ನಿನಿಂದ ಬಿಚ್ಚಿದ ಹಾಗೆ, ಒಳಗೆ ಪೆಟ್ರೋಲ್ ಇನ್ನೂ ಹಸಿಯಾಗಿತ್ತು. ಅಂಥ ಕಾರು ನಮ್ಮೂರಲ್ಲಿ ಇನ್ನೊಂದಿಲ್ಲ.

“ಯಾವ ಕಾರಿಂದು? ಜಾಗ ಹೇಳು, ಇಲ್ಲಾಂದ್ರೆ ಬೀದಿಗೆ ಎಸೀತೀನಿ.”

“ನಿನ್ನ ಕೋಪಕ್ಕೆ ಆ ಕಾರಿನೋರು ಬಾಗ್ಲು ತೆಗೆಯಲ್ಲ ಅಣ್ಣ. ಇರು, ಫಿಲ್ಟರ್ರೂ ತಂದ್ಬಿಡ್ತೀನಿ,” ಎಂದು ಶೆಡ್ಡಿನ ಹಿಂದುಗಡೆಗೆ ಹೊರಟ.

ಇವತ್ತು ಇವನ ಗುಟ್ಟು ಹಿಡಿಯಲೇಬೇಕೆಂದು ನಾನೂ ಬೆನ್ನಿಗೆ ಬಿದ್ದೆ. ನಡುಮಧ್ಯಾಹ್ನ, ಬೆಂಕಿಯಂಥ ಬಿಸಿಲು. ಅವನು ಮೂಲೆ ತಿರುಗಿದ. ಮರುಕ್ಷಣ ಕಾರಿನ ಭಾರವಾದ ಬಾಗಿಲು ಧಪ್ಪೆಂದು ಮುಚ್ಚಿದ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ ಮೂರು ಕಡೆ ಎತ್ತರದ ಗೋಡೆ, ನಡುವೆ ಬರೀ ನೆಲ. ನನ್ನ ಕಾರಿನ ನಾಲ್ಕೂ ಬಾಗಿಲನ್ನು ಬಣ್ಣಕ್ಕೆಂದು ಬಿಚ್ಚಿ ಶೆಡ್ಡಿನೊಳಗೆ ಒರಗಿಸಿದ್ದೆ.

ಅವನ ಹೆಂಡತಿ, ನನ್ನ ನಾದಿನಿ, ದಿನಾ ಬಂದು ಅಳುತ್ತಾಳೆ. ನನಗೋ, ಆ ಕಾರಿನವರು ಅವನೊಬ್ಬನನ್ನೇ ಹತ್ತಿಸಿಕೊಂಡರಲ್ಲ ಎಂಬ ಕಿಚ್ಚು. ಫಿಲ್ಟರ್ ತರಲು ಹೋದವನು ಇವತ್ತಿಗೂ ಬಂದಿಲ್ಲ.