ಎಷ್ಟು ಉದ್ದದ ಹಗ್ಗ?

“ನನ್ನ ಉತ್ತರ ಖರೇನ ಅದ ಟೀಚರ್. ಯಾಕ ರಾಂಗ್ ಹಾಕೀರಿ?”

ರೇಣು ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಬಡಿದಳು ಅನ್ನಬೇಕು. ಅನುಸೂಯಾ ಟೀಚರ್ ಕನ್ನಡಕದ ಮೇಲಿಂದ ನೋಡಿದರು.

ಪುಣೆಯ ಆ ಕನ್ನಡ ಶಾಲೆಯ ಐದನೇ ಕ್ಲಾಸಿನಲ್ಲಿ ಹಿಂದಿನ ದಿನವಷ್ಟೇ ಒಂದು ಪಾಠ ಮುಗಿದಿತ್ತು. ಪಾಠದ ಚಂದಮ್ಮ ಕಟ್ಟಡದ ಕೆಲಸದವಳು. ಅಂಬೆಗಾಲಿಡುವ ಮಗನ ಕಾಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದು ಇಟ್ಟಿಗೆ ಹೊರಲು ಹೋಗುತ್ತಾಳೆ. ಕೊನೆಗೊಂದು ಪ್ರಶ್ನೆ: ಚಂದಮ್ಮನಿಗೆ ಮಗನ ಮೇಲೆ ಅಕ್ಕರೆ ಇತ್ತೇ? ಪಾಠದ ಮಾತುಗಳಿಂದಲೇ ತೋರಿಸಿ.

ಕ್ಲಾಸಿನವರೆಲ್ಲ ‘ಇಲ್ಲ’ ಎಂದು ಬರೆದು, ‘ಕಾಲಿಗೆ ಹಗ್ಗ ಕಟ್ಟಿದಳು’ ಎಂಬ ಸಾಲನ್ನು ಕೆಳಗೆ ಇಳಿಸಿದ್ದರು. ಅವರಿಗೆಲ್ಲ ರೈಟು. ರೇಣು ಒಬ್ಬಳೇ ‘ಇತ್ತು, ನಮ್ಮ ಅವ್ವನೂ ನನ್ನನ್ನು ಕಟ್ಟುತ್ತಿದ್ದಳು’ ಎಂದು ಬರೆದಿದ್ದಳು.

“ನಿಮ್ಮವ್ವ ನಿನ್ನ ಕಟ್ಟತಿದ್ಲು ಅನ್ನೂದು ಖರೆ ಇರಬಹುದು. ಆದರ ಪ್ರಶ್ನೆ ಚಂದಮ್ಮಂದು,” ಎಂದರು ಟೀಚರ್. “ಪಾಠದಾಗ ಎಲ್ಲಿ ಅದ, ತೋರಿಸು.”

ರೇಣುವಿಗೆ ತೋರಿಸಲು ಆಗಲಿಲ್ಲ. ಹಿಂದಿನ ಬೆಂಚಿನಿಂದ ಬಿಂದುಮಾಧವ, “ದನಾ ಕಟ್ಟಿದಂಗ ಕಟ್ಟಿದ್ರೇನ ನಿನ್ನ?” ಎಂದ. ನಾಲ್ಕು ಮಂದಿ ನಕ್ಕರು. ನಗಬೇಡಿರೆಂದು ಗದರಿದ ಟೀಚರ್, ಅವಳಿಗೆ ಮರುದಿನದವರೆಗೆ ಟೈಮ್ ಕೊಟ್ಟರು.

ಸಂಜೆ ರೇಣು ಕೊಂಢವಾ ಬಡಾವಣೆಯ ಕಟ್ಟಡದ ಸೈಟಿನಲ್ಲಿದ್ದ ತಮ್ಮ ತಗಡಿನ ಮನೆಗೆ ಬಂದಳು. ಅವ್ವ ಸಾಬವ್ವ ಆಗಷ್ಟೇ ಕೆಲಸ ಬಿಟ್ಟು ಬಂದು ಕೈಕಾಲಿನ ಸಿಮೆಂಟು ತೊಳೆಯುತ್ತಿದ್ದಳು. ರೇಣು ಅವಳ ಮುಂದೆ ಟೀಚರನ್ನೂ ಬೈದಳು, ಬಿಂದುಮಾಧವನನ್ನೂ ಬೈದಳು. ಪಾಠ ಬರೆದವರನ್ನೂ ಬಿಡಲಿಲ್ಲ.

ಸಾಬವ್ವನಿಗೆ ಸಿಟ್ಟು ಬರಲಿಲ್ಲ.

“ಕಟ್ಟಿದ್ದೆ. ಸುಳ್ಳ ಯಾಕ ಹೇಳ್ಲಿ? ಆಗಿನ ಸೈಟಿನಾಗ ಒಂದು ನೀರಿನ ಟಾಕಿ ಬಾಯಿ ತೆರಕೊಂಡು ಇತ್ತು. ಮೊದಲ ನಾನ ಹಗ್ಗ ಹಿಡಕೊಂಡು ನಡದು ನೋಡಿದ್ದೆ. ನೆರಳಿಗಿ ಮುಟ್ಟಬೇಕು, ಟಾಕಿಗಿ ಮುಟ್ಟಬಾರದು. ಹಂಗ ಅಳತಿ ಮಾಡಿ...”

ಮಾತು ಮುಗಿಯುವ ಮೊದಲೇ ರೇಣು ಒಳಗೆ ಓಡಿದಳು. ಪಾಠದ ಹಗ್ಗ ಎಷ್ಟು ಉದ್ದ ಇತ್ತು? ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಎರಡನೇ ಪುಟದಲ್ಲಿ ಆ ಮಾತು ಸಿಕ್ಕಿತು. ನಿನ್ನೆ ಅವಳೂ ಅದನ್ನು ದಾಟಿಕೊಂಡು ಹೋಗಿದ್ದಳು.

ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು ಓದಿದಳು: “‘ಮಗು ಬೇವಿನ ನೆರಳಲ್ಲಿ ಆಡುತ್ತಿತ್ತು. ಪಾಯದ ಗುಂಡಿಯ ಕಡೆ ಹೊರಟರೆ ನಾಲ್ಕು ಹೆಜ್ಜೆ ಮೊದಲೇ ಹಗ್ಗ ತಡೆಯುತ್ತಿತ್ತು.’ ಅಳತಿ ಮಾಡಲಾರದ ಕಟ್ಟಿದ್ರ ಹಂಗ ಆಗತಿತ್ತೇನ್ರಿ ಟೀಚರ್?”

ಟೀಚರ್ ಪುಸ್ತಕ ತೆರೆದು ತಾವೂ ಓದಿಕೊಂಡರು. ಇನ್ನೊಮ್ಮೆ ಓದಿದರು. ಈ ಸಾಲಿನ ಹತ್ತಿರ ತಾವೂ ನಿಂತು ಯೋಚಿಸಿರಲಿಲ್ಲ ಎಂದು ಒಪ್ಪಿಕೊಂಡು, ರೈಟು ಸಿಕ್ಕವರೆಲ್ಲ ಮತ್ತೆ ನೋಟ್‌ಬುಕ್ ತೆರೆಯಬೇಕು ಎಂದರು.

“ಕಟ್ಟಿದ್ದಂತೂ ಖರೇನ ಅಲ್ಲ?” ಎಂದ ಬಿಂದುಮಾಧವ. ಪುಟ ತಿರುವುತ್ತಿದ್ದ, ಸಾಲು ಸಿಗುತ್ತಿರಲಿಲ್ಲ.

ರೇಣುವಿನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ದಾರಿಯುದ್ದಕ್ಕೂ ಅವನಿಗಾಗಿ ನಾಲ್ಕು ಖಾರದ ಮಾತು ಕೂಡಿಸಿಕೊಂಡು ಬಂದಿದ್ದಳು. ಅವನ ಬೆಂಚಿಗೆ ಹೋದಳು. ಆ ಮಾತು ಬಿಟ್ಟು, ಅವನ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು.

ಅವನು ಓದಿ ಮುಗಿಸುವವರೆಗೂ ತೆಗೆಯಲಿಲ್ಲ.