ಕಾಸರಕದ ಗೂಟ

ಗೂಟವನ್ನು ಕೊನೆಗೆ ಉಳಿಸಿಕೊಂಡದ್ದು ಯಾಕೆ? ಒಳಗೆ ಇಲಿ ನುಗ್ಗದಿರಲಿ, ನೀರು ಇಳಿಯದಿರಲಿ ಎಂದು. ಅಷ್ಟೇ ತಾನೆ? ಸಮ್ಮೇದ್ ತನ್ನನ್ನು ತಾನೇ ಕೇಳಿಕೊಂಡ. ಉತ್ತರ ಬರುವುದು ತುಸು ತಡವಾಯಿತು. ಆ ತಡ ಅವನಿಗೆ ಹಿಡಿಸಲಿಲ್ಲ.

ಮಳೆಗಾಲ ಮುಗಿದಂದಿನಿಂದ ಪ್ರತಿ ಭಾನುವಾರ ಅವನು ಮೂಡುಬಿದಿರೆಯಿಂದ ನೆರಿಯಕ್ಕೆ ಬಂದು, ತಂದೆಯ ಹಳೆಯ ಚೈನ್ ಟ್ರಾಕ್ಟರಿನ ಮುಂದೆ ಮಂಡಿಯೂರಿದ್ದ. ಚಕ್ರದ ಬದಲು ಉಕ್ಕಿನ ಚೈನಿನ ಮೇಲೆ ತೆವಳುತ್ತ ಗುಡ್ಡ ಕಡಿಯುವ ಯಂತ್ರ ಅದು. ಜಾಮ್ ಆದ ಪಿಸ್ಟನ್‌ಗಳ ಮೇಲೆ ಡೀಸೆಲ್ ಸುರಿದು ವಾರಗಟ್ಟಲೆ ಕಾದಿದ್ದ. ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಬಂಟ್ವಾಳಕ್ಕೆ ಒಯ್ದು ಪರೀಕ್ಷೆ ಮಾಡಿಸಿದ್ದ. ಡೀಸೆಲ್ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಗುಳ್ಳೆ ಗುಳ್ಳೆಯಾಗಿ ಹೊರಗೆ ಹಾಕಿದ್ದ. ಕೈಯಿಂದ ತಿರುಗಿಸಿದರೆ ಎಂಜಿನ್ ಈಗ ಎಣ್ಣೆ ಕುಡಿದ ಗಾಣದ ಹಾಗೆ ತಿರುಗುತ್ತಿತ್ತು. ಬಾನೆಟ್ಟಿನ ಮೇಲೆ ನೆಟ್ಟಗೆ ನಿಂತ ಗಾಳಿಕೊಳವೆಯ ಬಾಯಿಯನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಎಂಜಿನ್ ಉಸಿರೆಳೆಯುವುದು ಅಲ್ಲಿಂದ. ಅದರೊಳಕ್ಕೆ ಯಾರೋ ಒಂದು ಕಪ್ಪು ಗೂಟ ಜಡಿದಿದ್ದರು.

"ಅದೊಂದು ಇರಲಿ ಧಣಿ," ಬಾಗಿಲಲ್ಲಿ ನಿಂತ ಸೇಸಮ್ಮ ಹೇಳಿದಳು. "ಉಳಿದದ್ದನ್ನು ಏನು ಬೇಕಾದರೂ ಮಾಡಿಕೊಳ್ಳಿ."

"ಗಾಳಿ ಇಲ್ಲದೆ ಇದು ಸ್ಟಾರ್ಟ್ ಆಗುವುದು ಹೇಗೆ ಸೇಸಮ್ಮ? ನಿಮ್ಮ ಮೂಗಿಗೆ ಗೂಟ ಹೊಡೆದರೆ ನೀವು ಬದುಕ್ತೀರಾ?"

"ನನಗೆ ಹೊಡೆದು ವರ್ಷ ಎಷ್ಟಾಯಿತು. ಬದುಕಿದ್ದೇನಲ್ಲ."

ಸಮ್ಮೇದನ ನಗು ಅರ್ಧಕ್ಕೆ ನಿಂತಿತು.

ಅವನು ಹುಟ್ಟುವ ಮೊದಲಿನ ಸಂಗತಿ. ಅವನ ತಂದೆ ಅಭಯಚಂದ್ರರು ರಬ್ಬರ್ ತೋಟಕ್ಕಾಗಿ ಈ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸುತ್ತಿದ್ದರು. ಯಂತ್ರ ಓಡಿಸುತ್ತಿದ್ದವನು ಸೇಸಮ್ಮನ ಗಂಡ ಮುಂಡಪ್ಪ. ಪಕ್ಕದ ಜಾಗದ ಚನಿಯಪ್ಪನ ಗಡಿಕಲ್ಲು ಅಡ್ಡ ಬಂತು. ಮುಂಡಪ್ಪ ಅದನ್ನು ಕಣಿವೆಗೆ ದೂಡಿದ. ಚನಿಯಪ್ಪ ಜಗಳಕ್ಕೆ ಬರಲಿಲ್ಲ, ದೂರು ಕೊಡಲಿಲ್ಲ. ಘಟ್ಟದ ಬುಡಕ್ಕೆ ಹೋಗಿ ಮಾಟ ಮಾಡಿಸಿಕೊಂಡು ಬಂದ ಎಂದು ಜನ ಹೇಳಿದರು. ಕೆಲವು ದಿನಗಳಲ್ಲಿ, ನಡುಮಧ್ಯಾಹ್ನ, ಎಂಜಿನ್ ತಾನಾಗಿ ಕೂಗತೊಡಗಿತು. ಡೀಸೆಲ್ ಬಂದ್ ಮಾಡಿದರೂ ನಿಲ್ಲಲಿಲ್ಲ. ಆಗ ಅಲ್ಲಿದ್ದವರು ಇಬ್ಬರೇ, ಧಣಿ ಮತ್ತು ಮುಂಡಪ್ಪ. ಕೂಗು ನಿಂತಾಗ ಮುಂಡಪ್ಪ ಸೀಟಿನ ಮೇಲೆ ಕೂತಲ್ಲೇ ಸತ್ತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಎದೆಗೂಡು ಮಾತ್ರ ಒಣಗಿದ ಸೋರೆಬುರುಡೆಯ ಹಾಗೆ ಒಳಕ್ಕೆ ಹೋಗಿತ್ತು. ಆಮೇಲೆ ಮಂತ್ರವಾದಿಯೊಬ್ಬ ಬಂದು ಯಂತ್ರದ ಬಾಯಿಗೆ ಕಹಿ ವಿಷದ ಕಾಸರಕದ ಮರದ ಗೂಟ ಹೊಡೆದ.

"ಗೂಟ ತೆಗೆದರೆ ಅದು ಮತ್ತೆ ಕೇಳ್ತದೆ ಅಂತ ಮಂತ್ರವಾದಿ ಹೇಳಿದ್ದಾನೆ," ಸೇಸಮ್ಮ ಹೇಳಿದಳು. "ಒಂದು ಹೆಸರು ಕೇಳ್ತದೆ. ಕೊಟ್ಟವನು ಉಳೀತಾನೆ. ಹೆಸರಿನವನು ಹೋಗ್ತಾನೆ. ನನ್ನ ಗಂಡನ ಹೆಸರನ್ನು ಅದಕ್ಕೆ ಯಾರು ಕೊಟ್ಟರು ಅಂತ ಇವತ್ತಿನವರೆಗೆ ನನಗೆ ಗೊತ್ತಾಗಲಿಲ್ಲ."

ಹೇಳುತ್ತ ಅವಳು ಸಮ್ಮೇದನನ್ನು ನೋಡುತ್ತಿರಲಿಲ್ಲ. ಹೊರಗೆ ಹಲಸಿನ ಮರದಡಿ ನಿಂತ ಕಾರನ್ನು ನೋಡುತ್ತಿದ್ದಳು. ಕಾರಿನಲ್ಲಿ ಅಭಯಚಂದ್ರರು ಗಾಜು ಏರಿಸಿಕೊಂಡು ಕೂತಿದ್ದರು.

ಸಮ್ಮೇದ್ ಬೆಳೆದದ್ದು ಆ ಏರಿಸಿದ ಗಾಜಿನ ಈಚೆ. ರಸ್ತೆಯಲ್ಲಿ ಲಾರಿಯೊಂದು ಏರು ಹತ್ತುತ್ತ ಅರಚಿದರೂ ತಂದೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಮುಂಡಪ್ಪ ಎಂಬ ಹೆಸರು ಆ ಮನೆಯೊಳಗೆ ಒಮ್ಮೆಯೂ ಕೇಳಿಸಿರಲಿಲ್ಲ; ಆ ಸಂಗತಿಯನ್ನು ಅವನು ಕೇಳಿದ್ದು ತೋಟದ ಆಳುಗಳ ಬಾಯಲ್ಲಿ. ಮೆಕ್ಯಾನಿಕಲ್ ಓದುವಾಗ, ಡೀಸೆಲ್ ಎಂಜಿನ್ ಕೆಲವೊಮ್ಮೆ ತನ್ನದೇ ಎಣ್ಣೆಯನ್ನು ಹೀರಿ ಹುಚ್ಚೆದ್ದು ಓಡುತ್ತದೆ ಎಂದು ಮೇಷ್ಟ್ರು ಪಾಠ ಮಾಡಿದ ದಿನ ಅವನಿಗೆ ಮೈ ಜುಮ್ಮೆಂದಿತ್ತು. ಇಷ್ಟೇ. ಇಷ್ಟಕ್ಕೆ ಒಬ್ಬ ಮನುಷ್ಯ ಬದುಕಿಡೀ ಬಾಯಿ ಮುಚ್ಚಿಕೊಂಡು ಕೂತ. ಅಂದಿನಿಂದ ಅವನ ತಲೆಯಲ್ಲಿ ಒಂದೇ ವಾಕ್ಯ: ಅದು ಮಾಟ ಅಲ್ಲ ಅಪ್ಪ, ಎಣ್ಣೆ. ಎಂಜಿನ್ ಶಾಂತವಾಗಿ ಓಡುತ್ತಿರಬೇಕು, ತಂದೆ ಎದುರಿಗೆ ನಿಂತಿರಬೇಕು, ಆಗ ಅದನ್ನು ಹೇಳಬೇಕು. ತಂದೆಯನ್ನು ಅವರ ಮೌನದಿಂದ ಬಿಡಿಸಿ ತರಲು ಅವನಿಗೆ ತಿಳಿದ ದಾರಿ ಅದೊಂದೇ.

"ಕೇಳಿದರೆ ನನ್ನ ಹೆಸರೇ ಹೇಳ್ತೇನೆ ಸೇಸಮ್ಮ. ಮೂಡುಬಿದಿರೆಯ ಸಮ್ಮೇದ್ ಅಂತ, ಪಿನ್ ಕೋಡ್ ಸಮೇತ."

"ಈಗ ಹೇಳುವುದು ಸುಲಭ ಉಂಟು," ಎಂದು ಅವಳು ಸೆರಗು ಸರಿಪಡಿಸಿಕೊಂಡು ಇಳಿಜಾರಿನ ಕಡೆಗೆ ನಡೆದುಬಿಟ್ಟಳು.

ಯಂತ್ರ ನಿಂತಿದ್ದದ್ದು ಹಿಂದೆ ರಬ್ಬರ್ ಶೀಟುಗಳನ್ನು ಹೊಗೆಯಲ್ಲಿ ಒಣಗಿಸುತ್ತಿದ್ದ ಶೆಡ್ಡಿನಲ್ಲಿ. ಗೋಡೆಗಳ ಮೇಲೆ ಮಸಿ ತೊಗಲಿನ ಹಾಗೆ ಅಂಟಿತ್ತು. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ಮುಚ್ಚಂಜೆಯ ಕತ್ತಲು. ಹುಳಿತ ರಬ್ಬರಿನ ವಾಸನೆ, ಹಳೇ ಹೊಗೆಯ ವಾಸನೆ, ಅದರಡಿಯಲ್ಲಿ ಇನ್ನೊಂದು, ನಾಲಿಗೆಗೆ ತಾಗುವ ಕಹಿ. ಕಾಸರಕದ ಕಹಿ.

ಸಮ್ಮೇದ್ ಉಳಿ ಹಾಕಿ ನೋಡಿದ. ಇಕ್ಕಳ ಹಾಕಿ ನೋಡಿದ. ಗೂಟ ಮಿಸುಕಲಿಲ್ಲ.

"ಧರ್ಣಪ್ಪಣ್ಣ, ನಿಮ್ಮ ಹಾರೆ ತನ್ನಿ."

ಧರ್ಣಪ್ಪ ಸತ್ತ ಮುಂಡಪ್ಪನ ತಮ್ಮ. ಅಣ್ಣ ಹೋದ ಮೇಲೆ ಈ ತೋಟವನ್ನೂ ಅತ್ತಿಗೆಯನ್ನೂ ನೋಡಿಕೊಂಡವನು. ಹಾರೆ ತಂದ, ಆದರೆ ಕೊಡಲಿಲ್ಲ.

"ಅತ್ತಿಗೆ ಹೇಳಿದ್ದು ಕೇಳಿತಲ್ಲ ಧಣಿ."

"ಹೆದರಿಕೆಯಾ?"

"ಹೆದರಿಕೆ ಉಂಟು. ಇಲ್ಲ ಅಂತ ನಾನು ಹೇಳಿದೆನಾ?"

"ಹೇಳುವುದು ನಾನು, ಮಾರಾಯ್ರೆ. ಏನು ಬಂದರೂ ನನ್ನ ತಲೆ ಮೇಲೆ. ನಿಮಗೆ ಹಾರೆ ಹಾಕುವ ಅಂದಾಜು ಗೊತ್ತು, ನನ್ನ ಕೈಯಲ್ಲಿ ಪೈಪ್ ಒಡೆದು ಹೋದೀತು. ಎಬ್ಬಿಸಿ."

ಧರ್ಣಪ್ಪ ಒಂದು ಕ್ಷಣ ಅವನ ಮುಖ ನೋಡಿದ. ಧಣಿ ಹೇಳಿದ್ದನ್ನು ಮಾಡಿ ರೂಢಿಯಾದ ಮೈ ಅದು. ಚೈನಿನ ಮೇಲೆ ಹತ್ತಿ, ಹಾರೆಯ ತುದಿಯನ್ನು ಗೂಟದ ಅಂಚಿಗೆ ಕೊಟ್ಟು ಒತ್ತಿದ. ಮರ ಕಿರುಗುಟ್ಟಿತು. ಹೊರಬಂತು. ಬಂದ ಕೂಡಲೇ ಕೊಳವೆಯೊಳಗೆ, ತುಂಬ ಹೊತ್ತು ನೀರಿನಡಿ ಇದ್ದವನು ಮೇಲೆ ಬಂದು ಉಸಿರೆಳೆದುಕೊಂಡಂಥ ಸದ್ದು.

"ಒಳಗಿದ್ದ ಒತ್ತಡ," ಸಮ್ಮೇದ್ ಹೇಳಿದ. "ಅದನ್ನು ಒಲೆಗೆ ಹಾಕಿ."

ಧರ್ಣಪ್ಪ ಹೆಗಲ ಮೇಲಿನ ಬೈರಾಸು ತೆಗೆದ. ಗೂಟವನ್ನು ಅದರಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

ಸಮ್ಮೇದ್ ಕಾರಿನ ಬಾಗಿಲು ತೆರೆದು ತಂದೆಯ ಕೈ ಹಿಡಿದು ಕರೆತಂದ. ಶೆಡ್ಡಿನ ಹೊಸ್ತಿಲಲ್ಲಿ ಅವರು ನಿಂತುಬಿಟ್ಟರು. ಏರ್ ಫಿಲ್ಟರಿನ ಅಡಿಯಲ್ಲಿರುವ ಎಣ್ಣೆಯ ಬಟ್ಟಲನ್ನು ಸಮ್ಮೇದ್ ಬಿಚ್ಚಿ, ಬಟ್ಟೆಯಿಂದ ಒರೆಸಿ ಅವರ ಮುಂದೆ ಹಿಡಿದ.

"ಅವತ್ತು ಇದರಲ್ಲಿ ಎಣ್ಣೆ ಜಾಸ್ತಿ ಆಗಿತ್ತು ಅಪ್ಪ. ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಓಡಿದೆ. ಅದಕ್ಕೇ ಡೀಸೆಲ್ ಬಂದ್ ಮಾಡಿದರೂ ನಿಲ್ಲಲಿಲ್ಲ. ಈಗ ನೋಡಿ, ಒಂದು ಹನಿ ಇಲ್ಲ. ಒಣ ಬಟ್ಟಲನ್ನೇ ನೆಲದ ಮೇಲೆ ಇಡ್ತೇನೆ. ಎಳೆಯುವುದಕ್ಕೆ ಇಲ್ಲಿ ಏನೂ ಇಲ್ಲ."

ಅಭಯಚಂದ್ರರು ಬಟ್ಟಲನ್ನು ನೋಡಲಿಲ್ಲ. ತೆರೆದ ಕೊಳವೆಯನ್ನು ನೋಡುತ್ತಿದ್ದರು.

"ಹೋಗುವ ಮಗ."

"ಹೋಗುವ. ಸ್ಟಾರ್ಟ್ ಮಾಡಿಯೇ ಹೋಗುವ."

ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಅವನು ಸ್ಟಾರ್ಟರ್ ಒತ್ತಿದ. ಒಣ ಕೆಮ್ಮು. ಮತ್ತೊಂದು. ಬಿಳಿ ಹೊಗೆಯ ಉಂಡೆ ಮೇಲೆ ಶೆಡ್ಡಿನ ಮಾಡಿಗೆ ಬಡಿಯಿತು. ಆಮೇಲೆ, ದಶಕಗಳ ನಿದ್ದೆ ಒದರಿಕೊಂಡು, ಎಂಜಿನ್ ಎದ್ದಿತು. ದುಡುಂ, ದುಡುಂ, ದುಡುಂ. ಎಷ್ಟು ಶಾಂತ, ಎಷ್ಟು ಗಂಭೀರ. ನೆಲ ನಡುಗಿತು, ಗೋಡೆಯ ಮಸಿ ಉದುರಿತು. ಸಮ್ಮೇದ್ ಬಾನೆಟ್ಟಿನ ಮೇಲೊಮ್ಮೆ ಅಂಗೈ ಇಟ್ಟ. ತಂದೆಯ ಕಡೆ ತಿರುಗಿದ. ವಾಕ್ಯ ಬಾಯಿಗೆ ಬಂದಿತ್ತು.

ಸದ್ದು ಏರಿತು.

ಅವನು ಆಕ್ಸಿಲರೇಟರ್ ಮುಟ್ಟಿರಲಿಲ್ಲ. ನಿಲ್ಲಿಸುವ ಲಿವರನ್ನು ಎಳೆದ. ಸದ್ದು ಇನ್ನೂ ಏರಿತು. ವೇಗವನ್ನು ಹತೋಟಿಯಲ್ಲಿಡುವ ಗವರ್ನರ್ ಸಿಕ್ಕಿಕೊಂಡಿರಬೇಕು ಎಂದುಕೊಂಡ. ಕೆಳಗೆ ಹಾರಿ ಡೀಸೆಲ್ ಟ್ಯಾಂಕಿನ ಕಾಕ್ ತಿರುಗಿಸಿ ಬಂದ್ ಮಾಡಿದ. ನಿಲ್ಲಲಿಲ್ಲ. ಸ್ಪ್ಯಾನರ್ ಹಾಕಿ ಪೈಪನ್ನೇ ಕಳಚಿದ. ಪೈಪು ಒಣಗಿತ್ತು. ಡೀಸೆಲ್ ಇಲ್ಲ. ಎಣ್ಣೆ ಇಲ್ಲ. ನೆಲದ ಮೇಲೆ ಬಟ್ಟಲು ನಡುಗುತ್ತ ಸುತ್ತುತ್ತಿತ್ತು, ಖಾಲಿ. ಹಾಗಾದರೆ ಏನನ್ನು ಉರಿಸುತ್ತಿದೆ?

"ಧರ್ಣಪ್ಪಣ್ಣ, ಹೊರಗೆ ಹೋಗಿ," ಎಂದು ಕೂಗಿದ. ತನ್ನ ಸ್ವರ ತನಗೇ ಕೇಳಿಸಲಿಲ್ಲ.

ಹೊಗೆ ಕಪ್ಪಾಯಿತು. ಬಾಗಿಲ ಬೆಳಕು ಆರಿತು. ಡೀಸೆಲ್ಲಿನ ಹೊಗೆಯಲ್ಲ ಅದು. ಕಹಿ. ಸುಟ್ಟ ಕೂದಲಿನ ನಾತ. ಗಾಳಿ ಕಟ್ಟಬೇಕು. ಗಾಳಿ ಕಟ್ಟಿದರೆ ಯಾವ ಎಂಜಿನ್ನೂ ನಿಲ್ಲಬೇಕು. ಅವನು ಹಲಗೆಯ ತುಂಡೊಂದನ್ನು ಎತ್ತಿಕೊಂಡು ಚೈನಿನ ಮೇಲೆ ಹತ್ತಿದ. ಕೊಳವೆಯ ಬಾಯಿಗೆ ಅದುಮಿದ. ಹಲಗೆ ಬಾಗಿತು. ಸೀಳಿತು. ಸೀಳುಗಳು ಒಳಗೆ ಹೋದವು. ಅವನ ಮುಖ ಈಗ ಕೊಳವೆಯ ಹತ್ತಿರ. ತೀರ ಹತ್ತಿರ. ಹಿಂದಕ್ಕೆ ಬರಲು ಆಗಲಿಲ್ಲ. ಮೂಗಿನಿಂದ ಗಾಳಿ ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಎದೆ ಕುಗ್ಗಿತು. ಪಕ್ಕೆಲುಬು ನೊಂದಿತು.

ಅಷ್ಟು ದೊಡ್ಡ ಅರಚಾಟದ ನಡುವೆ ಒಂದು ಸಣ್ಣ ಸ್ವರ ಇತ್ತು. ಕೊಳವೆಯ ಆಳದಿಂದ. ತುಳುವಿನಲ್ಲಿ. ಸಿಟ್ಟಿಲ್ಲದ, ಆತುರವಿಲ್ಲದ, ಮನೆ ಬಾಗಿಲಿಗೆ ಬಂದವನು ಕೇಳುವ ಹಾಗೆ.

ಗೂಟ ಕಿತ್ತ ಕೈ ಯಾರದು?

ಹೆಸರು ಅವನ ನಾಲಿಗೆಯ ಮೇಲೆಯೇ ಇತ್ತು. ಮೂಡುಬಿದಿರೆಯ ಸಮ್ಮೇದ್. ಹೇಳುತ್ತೇನೆಂದು ಹೇಳಿದ್ದ. ಹೇಳಬಲ್ಲೆ. ಎದೆಯಲ್ಲಿ ಇನ್ನು ಒಂದೇ ಹೆಸರಿಗಾಗುವಷ್ಟು ಉಸಿರು. ಕೇಳುತ್ತಿರುವುದು ಯಾರ ಕೈ ಎಂದಲ್ಲವೇ? ಕೈ. ಅಷ್ಟೇ.

ಅವನು ಬಾಯಿ ತೆರೆದ.

ಅದೇ ಹೊತ್ತಿಗೆ ಹೊಗೆಯನ್ನು ಸೀಳಿಕೊಂಡು ಧರ್ಣಪ್ಪ ಬಂದ. ಹೊರಗೆ ಹೋಗಿರಲೇ ಇಲ್ಲ. ಭುಜದಿಂದ ಸಮ್ಮೇದನನ್ನು ಆಚೆಗೆ ದೂಡಿದ. ಬೈರಾಸು ಬಿಚ್ಚಿದ. ಗೂಟವನ್ನು ಕೊಳವೆಯ ಬಾಯಿಗಿಟ್ಟು ಅಂಗೈಯಿಂದ ಬಡಿದ. ಮತ್ತೆ ಬಡಿದ. ಮೈಭಾರವನ್ನೆಲ್ಲ ಹಾಕಿ ಒತ್ತಿದ.

ಎಂಜಿನ್ ನಿಂತಿತು.

ಮೌನ ಕಿವಿಯೊಳಗೆ ಗುಯ್ಗುಟ್ಟಿತು. ನೆಲದ ಮೇಲೆ ಬಿದ್ದಿದ್ದ ಸಮ್ಮೇದ್ ಬಾಯಿ ತುಂಬ ಗಾಳಿ ಎಳೆದುಕೊಂಡ. ಕೆಮ್ಮಿದ. ಹೊಗೆ ಮೆಲ್ಲಗೆ ಹರಿದಾಗ ಧರ್ಣಪ್ಪ ಇನ್ನೂ ಹಾಗೆಯೇ ನಿಂತಿದ್ದ, ಬಾನೆಟ್ಟಿಗೆ ಒರಗಿ, ಗೂಟದ ಮೇಲೆ ಅಂಗೈ ಊರಿ.

"ಧರ್ಣಪ್ಪಣ್ಣ. ನಿಂತಿತು ಮಾರಾಯ್ರೆ. ಇಳೀರಿ."

ಧರ್ಣಪ್ಪ ಇಳಿಯಲಿಲ್ಲ. ಸಮ್ಮೇದ್ ಹತ್ತಿ ಅವನ ಬೆನ್ನು ಮುಟ್ಟಿದ. ಅಂಗಿಯ ಕೆಳಗೆ ಪಕ್ಕೆಲುಬುಗಳು ಒಳಕ್ಕೆ, ಬಹಳ ಒಳಕ್ಕೆ ಹೋಗಿದ್ದವು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಸದ್ದು ಕೇಳಿ ಓಡಿ ಬಂದವರು ಶವವನ್ನು ಇಳಿಸಿದರು. ಸೇಸಮ್ಮ ನಿಧಾನವಾಗಿ ಬಂದಳು, ಎಲ್ಲರಿಗಿಂತ ಕೊನೆಗೆ. ಮೈದುನನ ಮುಖ ನೋಡಿದಳು. ಕೊಳವೆಯ ಗೂಟ ನೋಡಿದಳು. ಅಳಲಿಲ್ಲ.

"ಕೇಳಿತಾ ಅದು?" ಎಂದಳು ಸಮ್ಮೇದನ ಹತ್ತಿರ.

ಅವನ ತುಟಿ ಅಲುಗಿತು. ಉತ್ತರ ಬಂದದ್ದು ಹಿಂದಿನಿಂದ.

"ಎಣ್ಣೆ ಜಾಸ್ತಿ ಆಗಿತ್ತು ಸೇಸಮ್ಮ," ಅಭಯಚಂದ್ರರು ಹೇಳಿದರು. "ಎಂಜಿನ್ ಎಣ್ಣೆ ಎಳೆದುಕೊಂಡರೆ ಹಾಗೆ ಆಗ್ತದೆ. ಮಾಟ ಅಲ್ಲ."

ಓದಿನ ದಿನಗಳಿಂದ ತಂದೆಗೆ ಕೊಡಬೇಕೆಂದು ಅವನು ಹೊತ್ತು ತಿರುಗಿದ ವಾಕ್ಯ ಅದು. ತಂದೆಯೇ ಅದನ್ನು ಎತ್ತಿಕೊಂಡು ಅವನ ಮೇಲೆ ಹೊದಿಸಿದರು. ಒಣ ಬಟ್ಟಲು ಸೇಸಮ್ಮನ ಕಾಲ ಬಳಿ ಬಿದ್ದಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ಬೆರಳಿನಿಂದ ಒಳಭಾಗವನ್ನು ಸವರಿದಳು. ಬೆರಳನ್ನು ನೋಡಿದಳು. ಬಟ್ಟಲನ್ನು ಸಮ್ಮೇದನ ಕೈಗೆ ಕೊಟ್ಟಳು.

ಪೊಲೀಸರು ಬಂದರು, ಹೋದರು. ಎಂಜಿನಿಯರ್ ಆದ ಸಮ್ಮೇದ್ ಹೇಳಿದ ಕಾರಣವನ್ನು ಯಾರೂ ಎರಡನೇ ಸಲ ಕೇಳಲಿಲ್ಲ.

ಸಂಜೆ ಮೂಡುಬಿದಿರೆಯ ದಾರಿಯಲ್ಲಿ ಸಮ್ಮೇದ್ ಕಾರು ಓಡಿಸುತ್ತಿದ್ದ. ಬೆಳ್ತಂಗಡಿ ದಾಟಿದರು. ಎದುರಿನಿಂದ ಬಂದ ಲಾರಿಯೊಂದು ಗೇರು ಬದಲಿಸಿ ಅರಚಿತು. ಸಮ್ಮೇದನ ಬೆರಳು ತಾನಾಗಿ ಗುಂಡಿ ಹುಡುಕಿ ಗಾಜನ್ನು ಏರಿಸಿತು.

"ಕೈ ಯಾರದು ಅಂತ ಮಾತ್ರ ಕೇಳ್ತದೆ ಅದು," ಅಭಯಚಂದ್ರರು ರಸ್ತೆಯನ್ನೇ ನೋಡುತ್ತ ಹೇಳಿದರು. "ಹೇಳಿದವ ಯಾರು ಅಂತ ಕೇಳುವುದಿಲ್ಲ."

ಅಪ್ಪ ಆ ಸ್ವರವನ್ನು ಕೇಳಿದ್ದಾರೆ. ಗಡಿಕಲ್ಲು ದೂಡು ಎಂದದ್ದು ಅಪ್ಪ, ದೂಡಿದ ಕೈ ಮುಂಡಪ್ಪನದು. ಆ ಹೆಸರನ್ನು ಕೊಟ್ಟದ್ದು ಯಾರೆಂದು ತಿಳಿಯಲು ಸಮ್ಮೇದನಿಗೆ ಯಾವ ಪ್ರಶ್ನೆಯೂ ಬೇಕಾಗಲಿಲ್ಲ. ತಂದೆಯ ಕೈ ಬಂದು ಅವನ ಮಂಡಿಯ ಮೇಲೆ ಕೂತಿತು. ಅವನು ಅದನ್ನು ಸರಿಸಲಿಲ್ಲ.

ಆ ಸ್ವರ ಕೇಳಿದಾಗ ತಾನು ಧರ್ಣಪ್ಪನ ಹೆಸರು ಹೇಳಿದೆನೆಂದು ಸಮ್ಮೇದ್ ಯಾರಿಗೂ ಯಾವತ್ತೂ ಹೇಳಲಿಲ್ಲ.