ಸಡಿಲಿಸಿದ ಮುಚ್ಚಳ

ಮೈದಾ ಅಂಟು ಕುದಿಯುವ ವಾಸನೆ ಅವಳಿಗೆ ಹಾಲಿನ ವಾಸನೆಗಿಂತ ಮೊದಲೇ ಪರಿಚಯವಾಗಿತ್ತು ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಅಪ್ಪನದು ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿ. ಅಂಟು ಗಟ್ಟಿಯಾಗುವ ಹೊತ್ತಿಗೆ, ಹುಳ ಹತ್ತದಿರಲೆಂದು ಅಪ್ಪ ಎರಡು ಹನಿ ಲವಂಗದೆಣ್ಣೆ ಬಿಡುತ್ತಿದ್ದರು. ಆ ಘಮಕ್ಕೆ ಅವಳು ಎಲ್ಲಿದ್ದರೂ ಓಡಿ ಬರುತ್ತಿದ್ದಳು.

ಅಪ್ಪ ಹೋದ ಮೇಲೆ ಅಂಗಡಿ ಅವಳದಾಯಿತು, ಹಿಂದಿನ ಕೋಣೆಯೇ ಮನೆಯಾಯಿತು. ಮೂವತ್ತು ದಾಟುವಷ್ಟರಲ್ಲಿ ಸಂಧಿವಾತವೂ ಬಂದು ಜೊತೆಗೆ ಸೇರಿಕೊಂಡಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳನ್ನು ತಿನ್ನುತ್ತಿದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಎಂದಿದ್ದರು ಡಾಕ್ಟರಮ್ಮ. ಆ ಬೇಲಿಯನ್ನು ತಗ್ಗಿಸಿಡಲು ಮಾತ್ರೆ ಕೊಟ್ಟಿದ್ದರು.

ಆಸ್ಪತ್ರೆಯ ಎಕ್ಸ್‌ರೇಯವನು ಅವಳ ಮುಖವನ್ನು ಸರಿಯಾಗಿ ನೋಡುವ ಮೊದಲೇ ಅವಳ ಬೆರಳಿನ ಮೂಳೆಗಳನ್ನು ನೋಡಿದ್ದ.

"ಕೈ ಸಡಿಲ ಬಿಡಿ. ನಾನೇನು ಕಿತ್ಕೊಂಡು ಹೋಗಲ್ಲ."

"ಹೋಗೋದಾದ್ರೆ ಹೋಗಿ. ನೋವೂ ಜೊತೆಗೇ ಹೋಗುತ್ತೆ."

ಅವನು ನಕ್ಕಿದ್ದ. ಕೆಲವು ದಿನಗಳಲ್ಲೇ ತಾತನ ಕಾಲದ ಹರಿದ ನಿಘಂಟನ್ನು ಎತ್ತಿಕೊಂಡು ಅಂಗಡಿಗೆ ಬಂದ. ಆಮೇಲೆ ವಾರವಾರವೂ ಬಂದ, ನಿಘಂಟು ಆಯಿತೇ ಎಂದು ಕೇಳಲು. ಅವಳೂ ವಾರಕ್ಕೆ ಹಾಳೆಗಳ ಒಂದೇ ಒಂದು ಕಟ್ಟು ಹೊಲಿಯುತ್ತಿದ್ದಳು. ಅದು ಅವನಿಗೆ ತಿಳಿಯದ ಗುಟ್ಟೇನಲ್ಲ.

"ಅಂಟಿನ ಡಬ್ಬಿಗೆ ಯಾವತ್ತೂ ಮುಚ್ಚಳ ಬಿಗಿ ಮಾಡಲ್ವಲ್ಲ?" ಎಂದು ಒಮ್ಮೆ ಕೇಳಿದ.

"ಬೆಳಿಗ್ಗೆ ಹೊತ್ತು ನನ್ನ ಬೆರಳು ನನ್ನ ಮಾತೇ ಕೇಳಲ್ಲ. ಬಿಗಿ ಮಾಡಿದ್ರೆ ತೆಗೆಯೋರು ಯಾರು?"

ಅವನು ಡಬ್ಬಿಯನ್ನೇ ನೋಡುತ್ತಾ ಕುಳಿತ.

ಕಡೆಗೊಂದು ಸಂಜೆ, ಸೂಜಿಯ ಕಡೆಗೇ ಕಣ್ಣಿಟ್ಟು ಅವಳೇ ಕೇಳಿದಳು. "ಪುಸ್ತಕ ಮುಗಿದ ಮೇಲೂ ಬರ್ತೀರಾ?"

ಅವನ ಕಿವಿ ಕೆಂಪಾಯಿತು. "ಮುಂದಿನ ವಾರ ಹೇಳ್ತೀನಿ," ಎಂದ.

ಮುಂದಿನ ವಾರ ಕೊರೋನಾ ಬಂತು. ಅವನು ಬರಲಿಲ್ಲ. ಫೋನೂ ಇಲ್ಲ.

ಬೀದಿ ಬಿಕೋ ಎನ್ನುತ್ತಿತ್ತು. ಅಂಗಡಿಯ ಅರ್ಧ ಬಾಗಿಲು ತೆರೆದು, ಬಂದ ಕೆಲಸವನ್ನು ಹೊಸ್ತಿಲಲ್ಲೇ ಇಸಿದುಕೊಳ್ಳುತ್ತಿದ್ದಳು. ನಿಘಂಟು ಎದುರಿಗೇ ಇತ್ತು. ಮೂಳೆ ನೋಡಿದವನಿಗೆ ಮುಂದಿನದೆಲ್ಲ ಕಂಡಿರಬೇಕು, ಈ ಕೈಯನ್ನು ಯಾರು ತಾನೇ ಹಿಡಿಯುತ್ತಾರೆ ಎಂದುಕೊಂಡಳು. ದಿನಕ್ಕೊಮ್ಮೆ ಕೇಳುವ ಮನುಷ್ಯರ ದನಿ ಎಂದರೆ ದೂರದೂರಿನಿಂದ ಅಕ್ಕನ ಫೋನು ಮಾತ್ರ.

"ಪುಟ್ಟಿ, ದನಿ ಯಾಕೋ ಸೊರಗಿದೆ?" ಎಂದಳು ಅಕ್ಕ ಒಂದು ದಿನ.

"ಮೈಕೈ ನೋವು. ಕೀಲಿನ ಹಳೇ ಬಾಡಿಗೆದಾರ, ಮತ್ತೆ ಗಲಾಟೆ ಶುರು ಮಾಡಿದ್ದಾನೆ."

ಹಾಗೆಂದೇ ಅವಳು ನಂಬಿದ್ದಳು. ಇಷ್ಟು ವರ್ಷ ನೋವಿನ ಜೊತೆ ಸಂಸಾರ ಮಾಡಿದವಳಿಗೆ ನೋವು ಬಂದರೆ ಬೇರೆ ಅನುಮಾನ ಹುಟ್ಟುವುದಾದರೂ ಹೇಗೆ? ಹೆಚ್ಚು ಜ್ವರವೂ ಇರಲಿಲ್ಲ. ಮಾತ್ರೆ ನುಂಗಿ, ಬಿಸಿನೀರಿನಲ್ಲಿ ಕೈ ಅದ್ದಿ ಕುಳಿತಳು. ನಿಘಂಟನ್ನು ಮುಗಿಸಿ ಆಸ್ಪತ್ರೆಗೆ ಕಳಿಸಿಬಿಟ್ಟರೆ ಋಣ ಹರಿಯುತ್ತದೆ ಎಂದು ಅಂಟು ಕುದಿಸಿದಳು. ಎರಡು ಹನಿ ಲವಂಗದೆಣ್ಣೆ ಬಿಟ್ಟಳು.

ಘಮ ಬರಲಿಲ್ಲ.

ಇನ್ನೆರಡು ಹನಿ ಬಿಟ್ಟಳು. ಬಾಟಲಿಯನ್ನೇ ಮೂಗಿಗೆ ಹಿಡಿದಳು. ನೀರಿನ ಬಾಟಲಿಯ ಹಾಗಿತ್ತು. ಅಪ್ಪ ಎರಡನೇ ಸಲ ತೀರಿಕೊಂಡಂತೆ ಅನ್ನಿಸಿ, ಒಲೆ ಆರಿಸಿದಳು. ಆಮೇಲೆ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

"ಈಗಲೇ ಹೊರಟು ಬಾಮ್ಮ. ಕೀಲುನೋವು ಅಂತ ಸುಮ್ನೆ ಕೂರಬೇಡ," ಎಂದರು ಅವರು.

ಪರೀಕ್ಷೆಯಲ್ಲಿ ಕೊರೋನಾ ಎಂದೇ ಬಂತು. ಎದೆಯ ಎಕ್ಸ್‌ರೇಗೆ ಕಳಿಸಿದರು. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟ ಯಾರೋ ಇದ್ದರು. ಕಣ್ಣಿನ ಮೇಲೂ ಕನ್ನಡಕದ ಮಂಜು. ಅವಳು ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಂತಳು.

"ಭುಜ ಸಡಿಲ ಬಿಡಿ. ನಾನೇನು ಕಿತ್ಕೊಂಡು ಹೋಗಲ್ಲ."

ಅವಳ ಉಸಿರು ನಿಂತಿತು. ಎಕ್ಸ್‌ರೇಗೂ ಬೇಕಾಗಿದ್ದು ಅದೇ.

"ಮುಂದಿನ ವಾರ ಅಂದಿದ್ರಿ," ಎಂದಳು, ತಿರುಗದೆ.

"ದಿನಾ ಕೊರೋನಾ ಬಂದವರ ಮಧ್ಯೇನೇ ನಿಂತಿರ್ತೀನಿ. ನೀವು ತಗೊಳ್ಳೋ ಮಾತ್ರೆ ಎಂಥದ್ದು ಅಂತ ನನಗೆ ಗೊತ್ತು. ಕಾಯಿಲೆ ನಾನೇ ಹೊತ್ಕೊಂಡು ಬಂದು ಕೊಟ್ಟ ಹಾಗಾದ್ರೆ?"

"ಒಂದು ಫೋನ್ ಮಾಡಬಹುದಿತ್ತು."

"ಮಾಡಿದ್ರೆ ನೀವು ಬನ್ನಿ ಅಂತಿದ್ರಿ."

"ಅಂದ್ರೆ?"

"ಬಂದೇ ಬಿಡ್ತಿದ್ದೆ."

ಅವಳಿಗೆ ನಗು ಬಂತು, ನಗಲು ಹೋಗಿ ಕೆಮ್ಮು ಬಂತು. "ನೀವು ಬರದೇನೂ ಬಂತಲ್ಲ. ಸುಮ್ನೆ ದೂರ ಇದ್ರಿ."

"ಹೌದು," ಎಂದ ಅವನು. "ದಡ್ಡ ನಾನು."

ಅವಳನ್ನು ವಾರ್ಡಿನಲ್ಲಿ ಉಳಿಸಿಕೊಂಡರು. ಕೀಲಿನ ಎರಡು ಮಾತ್ರೆಗಳಲ್ಲಿ ಒಂದನ್ನು ಸ್ವಲ್ಪ ಕಾಲ ನಿಲ್ಲಿಸೋಣ, ಇನ್ನೊಂದನ್ನು ಮಾತ್ರ ತಪ್ಪಿಸಲೇಬೇಡ ಎಂದರು ಡಾಕ್ಟರಮ್ಮ. ಉಸಿರು ನಿಧಾನವಾಗಿ ಹಿಡಿತಕ್ಕೆ ಬಂತು. ಒಂದು ಮಾತ್ರೆ ನಿಂತದ್ದಕ್ಕೆ ಬೆರಳುಗಳು ಕಟ್ಟಿಗೆಯಾದವು. ಬೆಳಗಿನ ತಿಂಡಿಯ ಡಬ್ಬಿಯ ಮುಚ್ಚಳ ಬಿಗಿ. ಪಕ್ಕದ ಹಾಸಿಗೆಯಲ್ಲಿ ಉಸಿರಿಗೆ ಒದ್ದಾಡುವವರಿರುವಾಗ, ನರ್ಸನ್ನು ಕರೆದು ಮುಚ್ಚಳ ತೆಗೆಯಿರಿ ಎನ್ನಲು ಅವಳಿಗೆ ನಾಚಿಕೆ. ಹಸಿವಿಲ್ಲ ಎನ್ನುತ್ತಿದ್ದಳು. ಡಬ್ಬಿ ತುಂಬಿದ್ದಂತೆಯೇ ಹಿಂದಕ್ಕೆ ಹೋಗುತ್ತಿತ್ತು.

ಮತ್ತೊಂದು ಬೆಳಿಗ್ಗೆ ಎಕ್ಸ್‌ರೇ ಯಂತ್ರವನ್ನು ತಳ್ಳಿಕೊಂಡು ಬಿಳಿ ಉಡುಪಿನವನೊಬ್ಬ ವಾರ್ಡಿಗೆ ಬಂದ. ಪಕ್ಕದ ಹಾಸಿಗೆಯವರ ಫೋಟೋ ತೆಗೆದು ಮುಗಿಸಿದ. ಹೊರಡುವ ಮುನ್ನ, ಅವಳ ಮೇಜಿನ ಮೇಲೆ ಹಾಗೆಯೇ ಇದ್ದ ಡಬ್ಬಿಯನ್ನು ನೋಡಿ ನಿಂತ. ಬೆನ್ನು ತಿರುಗಿಸಿ ಅದನ್ನು ಕೈಗೆತ್ತಿಕೊಂಡ.

ಮತ್ತೆ ಅವಳ ಕಡೆ ತಿರುಗಿದಾಗ ಮುಚ್ಚಳ ಸಡಿಲವಾಗಿ ಮೇಲೆ ಕುಳಿತಿತ್ತು, ಅಂಗಡಿಯ ಅಂಟಿನ ಡಬ್ಬಿಯ ಮೇಲೆ ಕುಳಿತಿರುವ ಹಾಗೆ. ಅವನು ಅವಳ ಎರಡೂ ಅಂಗೈಗಳನ್ನು ಕೂಡಿಸಿ, ಇನ್ನೂ ಬಿಸಿಯಿದ್ದ ಡಬ್ಬಿಯನ್ನು ಅವುಗಳೊಳಗಿಟ್ಟ.